ಬೀಸುಕಲ್ಲಿನ ಜತೆ ಹಾಡೂ ಅಟ್ಟ ಸೇರಬೇಕೆ?

ಬೀಸುವಾಗ ಬೀಸುವ ಪದ, ಒನಕೆ ಹಿಡಿದಾಗ ಸುವ್ವಿ ಪದ, ಕಣದಲ್ಲಿ ಎತ್ತು ಕಟ್ಟಿ ತೆನೆ ತುಳಿಸುವಾಗ ಹಂತಿ ಪದ, ಗದ್ದೆಗಿಳಿದಾಗ ನಾಟಿ ಪದ, ಮದುಮಗಳಿಗೆ ಅರಿಶಿನ ಹಚ್ಚುವಾಗ ಸೋಬಾನೆ, ತೊಟ್ಟಿಲು ತೂಗುವಾಗ ಜೋಗುಳ. ನಮ್ಮ ಜನಪದ ಹಾಡುಗಳಲ್ಲಿ ಬಹುಪಾಲು ಕೈಯಲ್ಲೊಂದು ಕೆಲಸ ಇದ್ದಾಗ ಬಾಯಿಗೆ ಬಂದವು. ಕಲ್ಲು ತಿರುಗುವ ಗತಿಯೇ ಹಾಡಿನ ಲಯ, ಒನಕೆ ಮೇಲೇಳುವ ಹೊತ್ತೇ ಉಸಿರು ತೆಗೆದುಕೊಳ್ಳುವ ಜಾಗ. ಪಕ್ಕದಲ್ಲಿ ಕೂತ ಮಗು, ಬೆನ್ನಿಗೆ ಜೋತುಬಿದ್ದ ಮಗು, ತೊಡೆಯ ಮೇಲೆ ನಿದ್ದೆ ಹೋದ ಮಗು ಇದನ್ನೆಲ್ಲ ಕೇಳುತ್ತಲೇ ಬೆಳೆಯುತ್ತಿತ್ತು. ಅದಕ್ಕೆ ಹಾಡು ಕಲಿಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಊರಿಗೆ ಹಿಟ್ಟಿನ ಗಿರಣಿ ಬಂತು, ಅಕ್ಕಿ ಮಿಲ್ಲು ಬಂತು. ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿತು. ಬೆಳಗಿನ ಜಾವ ಎದ್ದು ಸೇರುಗಟ್ಟಲೆ ಜೋಳ, ರಾಗಿ ಬೀಸಿದವರಿಗೆ ಗೊತ್ತು ಆ ಬಿಡುವಿನ ಬೆಲೆ. ಆ ದಿನಗಳು ಮರಳಿ ಬರಲಿ ಎಂದು ಹೇಳುವ ಹಕ್ಕು ನಮಗಿಲ್ಲ. ಆದರೆ ಕೆಲಸದ ಹಿಂದೆಯೇ ಹಾಡೂ ಹೊರಟುಹೋಯಿತು. ಬೀಸುಕಲ್ಲು ಅಟ್ಟ ಸೇರಿದ ಮನೆಗಳಲ್ಲಿ ಬೀಸುವ ಪದ ಹೇಳಲು ಹೊತ್ತೂ ಇಲ್ಲ, ನೆಪವೂ ಇಲ್ಲ. ಇವತ್ತಿನ ಮಗುವಿಗೆ ಜನಪದ ಗೀತೆ ಎಂದರೆ ಶಾಲಾ ವಾರ್ಷಿಕೋತ್ಸವದ ವೇದಿಕೆ, ಬಾಡಿಗೆಗೆ ತಂದ ಇಳಕಲ್ ಸೀರೆ, ಸ್ಪೀಕರಿನಲ್ಲಿ ಬರುವ ಟ್ರ್ಯಾಕು. ಮೂರು ವಾರ ಅಭ್ಯಾಸ, ನಾಲ್ಕು ನಿಮಿಷ ಕುಣಿತ, ಆಮೇಲೆ ಮುಂದಿನ ವರ್ಷದ ತನಕ ಸುದ್ದಿಯಿಲ್ಲ.

ಮನೆಯಲ್ಲಿ ಮಕ್ಕಳ ಬಾಯಿಗೆ ಹಾಡು ಮರಳಬೇಕಾದರೆ ಅದಕ್ಕೊಂದು ಹೊಸ ಕೆಲಸ ಕೊಡಬೇಕು ಎಂಬುದು ನನ್ನ ನಂಬಿಕೆ. ತರಗತಿಯಿಂದ, ಸ್ಪರ್ಧೆಯಿಂದ, ಬರೀ ಕೇಳಿಸುವುದರಿಂದ ಅದು ಆಗುವುದಿಲ್ಲ. ಮಗುವಿನ ಕೈಕಾಲಿಗೆ ಏನಾದರೂ ಇರಬೇಕು. ಆಗ ಬಾಯಿ ತಾನಾಗಿ ತೆರೆಯುತ್ತದೆ.

ಮೂರು ಸಾಲಿನ ಅನುಕೂಲ

ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಈ ಹಾಡುಗಳನ್ನು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾ – ಇವರ ದುಡಿಮೆಯಿಂದ 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ತವರಿನ ಹಂಬಲ, ತಾಯಿಯ ನೆನಪು, ಅಣ್ಣನ ಹಾದಿ ಕಾಯುವುದು, ತೊಡೆಯ ಮೇಲಿನ ಕೂಸಿನ ಚೆಂದ ಎಲ್ಲವೂ ಅಲ್ಲಿ ಮೂರು ಮೂರು ಸಾಲುಗಳಲ್ಲಿವೆ. ಅದು ತ್ರಿಪದಿ. ಕ್ರಿ.ಶ. 700ರ ಸುಮಾರಿನ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಕಲ್ಲಿನ ಮೇಲೆ ಕಾಣಿಸಿಕೊಂಡ ಛಂದಸ್ಸು ಹನ್ನೆರಡು ಶತಮಾನ ಕಳೆದ ಮೇಲೂ ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಬಾಯಲ್ಲಿ ಜೀವಂತವಾಗಿತ್ತು. ಅವರಲ್ಲಿ ಹೆಚ್ಚಿನವರಿಗೆ ಓದು ಬರಹ ಬರುತ್ತಿರಲಿಲ್ಲ. ತಾಯಿ ಹೇಳಿದ್ದನ್ನು ಮಗಳು ಹಿಡಿದಳು, ಅತ್ತೆ ಹೇಳಿದ್ದಕ್ಕೆ ಸೊಸೆ ದನಿಗೂಡಿಸಿದಳು. ಇಷ್ಟು ದೀರ್ಘ ಕಾಲ ಒಂದು ಪದ್ಯದ ಅಚ್ಚು ಮನೆಯೊಳಗೇ ಉಳಿದು ಬಂದದ್ದು ನಮ್ಮ ಭಾಷೆಯ ದೊಡ್ಡ ಸಂಗತಿಗಳಲ್ಲೊಂದು.

ತ್ರಿಪದಿ ಮಕ್ಕಳಿಗೆ ಎಷ್ಟು ಹೊಂದುತ್ತದೆ ಎಂಬುದು ಹಾಡಿ ನೋಡಿದರೆ ತಿಳಿಯುತ್ತದೆ. ಮೂರು ಸಾಲಿನಲ್ಲಿ ಒಂದು ಚಿತ್ರ ಮುಗಿಯುತ್ತದೆ. ಐದು ವರ್ಷದ ಮಗುವಿನ ನೆನಪಿಗೆ ಅದು ಭಾರವಲ್ಲ. ಹಾಡುವಾಗ ಎರಡನೆಯ ಸಾಲನ್ನು ಮರಳಿ ಹಿಡಿಯುವುದು ವಾಡಿಕೆ. ಹೀಗೆ ಮರಳಿ ಹಿಡಿಯುವಾಗ ಮಗುವಿಗೆ ದನಿ ಸೇರಿಸಲು ಜಾಗ ಸಿಗುತ್ತದೆ. ಧಾಟಿ ನಾಲ್ಕೈದು ಸ್ವರಗಳ ಆಚೆಗೆ ಹೋಗುವುದು ಅಪರೂಪ. ಸಿನಿಮಾ ಹಾಡು ಒಂದೂವರೆ ಸ್ಥಾಯಿ ಏರಿಳಿದು ಮಗುವಿನ ಗಂಟಲನ್ನು ಕಿರುಚಾಟಕ್ಕೆ ಎಳೆದರೆ, ಬೀಸುವ ಪದ ಅದರ ಮಾತಿನ ಎತ್ತರದಲ್ಲೇ ಓಡಾಡುತ್ತದೆ. ಮೇಲಾಗಿ ಪ್ರತಿ ಪದ್ಯವೂ ಸ್ವತಂತ್ರ. ಎರಡು ಪದ್ಯ ನೆನಪಿದ್ದರೆ ಎರಡು ಹೇಳಿ, ಹತ್ತು ಗೊತ್ತಿದ್ದರೆ ಹತ್ತು ಹೇಳಿ. ನಡುವೆ ಒಂದು ಬಿಟ್ಟುಹೋದರೂ ಹಾಡು ಕುಸಿಯುವುದಿಲ್ಲ. ಅದೇ ಧಾಟಿಗೆ ಮಗುವಿನ ಹೆಸರು, ಅದರ ನಾಯಿಮರಿ, ಅದರ ಅತ್ತೆಯ ಊರು ಸೇರಿಸಿ ನಾವೇ ಹೊಸ ಮೂರು ಸಾಲು ಕಟ್ಟಬಹುದು. ಹಿಂದಿನ ಹೆಂಗಸರೂ ಹಾಗೆಯೇ ಕಟ್ಟುತ್ತಿದ್ದರು.

ಸೊಲ್ಲು ಇನ್ನೊಂದು ಅನುಕೂಲ. ಒಬ್ಬರು ಕಥೆಯ ಸಾಲು ಹೇಳುತ್ತಾರೆ, ಉಳಿದವರು ಪ್ರತಿ ಸಾಲಿನ ಕೊನೆಗೂ ಒಂದೇ ಸೊಲ್ಲು ಎತ್ತಿಕೊಳ್ಳುತ್ತಾರೆ. ಕೋಲಾಟದ ಪದಕ್ಕೂ ಸೋಬಾನೆಗೂ ಗೀಗೀ ಪದಕ್ಕೂ ಇದೇ ಕ್ರಮ. ಇನ್ನೂ ಮಾತು ಸರಿಯಾಗಿ ಬಾರದ ಎರಡು ವರ್ಷದ ಕೂಸು ಕೂಡ ಸೊಲ್ಲಿನ ಹೊತ್ತಿಗೆ ಸರಿಯಾಗಿ ಬಾಯಿ ಹಾಕುತ್ತದೆ. ಎಲ್ಲರ ಜತೆ ತಾನೂ ಹಾಡಿದೆ ಎಂಬ ಹಿಗ್ಗು ಅದರ ಮುಖದಲ್ಲಿ ಕಾಣುತ್ತದೆ.

ಕಂಠ ಇಲ್ಲ ಎನ್ನುವವರಿಗೆ

ಇಷ್ಟು ಹೇಳಿದ ಕೂಡಲೇ ತಂದೆ ತಾಯಿಗಳಿಂದ ಬರುವ ಮಾತು ಒಂದೇ: ‘ನನಗೆ ಕಂಠ ಇಲ್ಲ, ಮೊಬೈಲಲ್ಲಿ ಹಾಕಿಬಿಡ್ತೀನಿ.’ ಮೊಬೈಲಿನಲ್ಲಿ ಒಳ್ಳೆಯ ಹಾಡುಗಾರರೇ ಇದ್ದಾರೆ, ನಿಜ. ಆದರೆ ಮಗು ಮನುಷ್ಯರಿಂದ ಕಲಿಯುವ ರೀತಿಯೇ ಬೇರೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಪ್ರಸಿದ್ಧವಾಗಿದೆ. ಇಂಗ್ಲಿಷ್ ಮನೆಗಳ 9 ತಿಂಗಳ ಕೂಸುಗಳ ಎದುರು ಚೀನೀ ಭಾಷೆಯವರು ಕೂತು ಆಡಿಸುತ್ತಾ ಮಾತನಾಡಿದರು. ಆ ಕೂಸುಗಳು ಚೀನೀ ಭಾಷೆಯ ಧ್ವನಿ ವ್ಯತ್ಯಾಸಗಳನ್ನು ಗುರುತಿಸಲು ಕಲಿತವು. ಅದೇ ಮಾತನ್ನು ಟಿವಿಯಲ್ಲಿ ನೋಡಿದ ಕೂಸುಗಳು, ಬರೀ ಧ್ವನಿಮುದ್ರಣ ಕೇಳಿದ ಕೂಸುಗಳು ಏನನ್ನೂ ಕಲಿಯಲಿಲ್ಲ. ಅದು ಮಾತಿನ ಪರೀಕ್ಷೆ, ಹಾಡಿನದಲ್ಲ. ಆದರೂ ಎದುರಿಗೊಂದು ಮುಖ ಇರುವುದು ಕೂಸಿಗೆ ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಹಾಡಿನ ಶಕ್ತಿಯನ್ನೇ ಅಳೆದವರೂ ಇದ್ದಾರೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷ ತುಂಬದ ಕೂಸುಗಳಿಗೆ ಅವು ಎಂದೂ ಕೇಳದ ತುರ್ಕಿ ಭಾಷೆಯ ಹಾಡನ್ನು ಕೇಳಿಸಿದರು. ಹಾಡು ನಡೆಯುತ್ತಿದ್ದಾಗ ಕೂಸುಗಳು ಸರಾಸರಿ 9 ನಿಮಿಷ ಅಳದೆ ಇದ್ದವು. ಮಾತು ಕೇಳಿಸಿದಾಗ 4 ನಿಮಿಷದ ಆಸುಪಾಸಿಗೇ ಮುಖ ಸಿಂಡರಿಸತೊಡಗಿದವು. ನಮ್ಮ ಅಜ್ಜಿಯರಿಗೆ ಇದು ಹೊಸ ವಿಷಯವೇನಲ್ಲ. ಆದರೆ ಅಜ್ಜಿ ಹತ್ತಿರವಿಲ್ಲದ ಮನೆಯಲ್ಲಿ, ರಾತ್ರಿ ಎರಡು ಗಂಟೆಗೆ ಅಳುವ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡುವ ಯುವ ದಂಪತಿಗೆ ಈ ಅಂಕಿ ಧೈರ್ಯ ತುಂಬಬಲ್ಲದು.

ಶ್ರುತಿ ತಪ್ಪಿದರೂ ಚಿಂತೆಯಿಲ್ಲ. ಒಂದೆರಡು ಕಿವಿಮಾತು ಮಾತ್ರ. ದೊಡ್ಡವರು, ಅದರಲ್ಲೂ ಅಪ್ಪಂದಿರು, ತಮ್ಮ ಆರಾಮದ ತಗ್ಗು ದನಿಯಲ್ಲಿ ಹಾಡು ಎತ್ತಿಕೊಳ್ಳುತ್ತಾರೆ. ಮಗುವಿನ ದನಿ ಅಷ್ಟು ಕೆಳಗೆ ಇಳಿಯುವುದಿಲ್ಲ. ಅದು ಗೊಣಗಿ ಸುಮ್ಮನಾಗುತ್ತದೆ, ನಾವು ‘ಇವನಿಗೆ ಹಾಡು ಬರಲ್ಲ’ ಅಂದುಕೊಳ್ಳುತ್ತೇವೆ. ಮೊದಲು ಮಗುವಿಗೇ ಸೊಲ್ಲು ಎತ್ತಲು ಬಿಡಿ. ಅದು ಹಿಡಿದ ಎತ್ತರಕ್ಕೆ ನೀವು ಹೋಗಿ. ಎರಡನೆಯದು ವೇಗ. ಸಿ.ಡಿ.ಯಲ್ಲಿ ಕೇಳಿದ ವೇಗಕ್ಕೆ ಹಾಡಬೇಡಿ. ಮಗು ನಡೆಯುವ ವೇಗಕ್ಕೆ ಹಾಡಿ. ಹಾಡುತ್ತಾ ಕೋಣೆಯೊಳಗೆ ಅದರ ಜತೆ ಹೆಜ್ಜೆ ಹಾಕಿದರೆ ಲಯ ಮೊದಲು ಕಾಲಿಗೆ ಬರುತ್ತದೆ, ಆಮೇಲೆ ಚಪ್ಪಾಳೆಗೆ, ಕೊನೆಗೆ ಬಾಯಿಗೆ.

ಅವರೆಕಾಯಿ ರಾಶಿಯ ಮುಂದೆ

ಹೊಸ ಕೆಲಸ ಎಂದೆನಲ್ಲ, ಅದಕ್ಕೆ ನಾನು ಕಂಡ ಅತ್ಯುತ್ತಮ ಉದಾಹರಣೆ ಅವರೆಕಾಯಿ ಕಾಲ. ಚಳಿಗಾಲದಲ್ಲಿ ಬೆಂಗಳೂರು, ಕೋಲಾರ, ಮೈಸೂರು ಕಡೆಯ ಮನೆಗಳಲ್ಲಿ ಸೊಗಡಿನ ಅವರೆಕಾಯಿ ಕೆ.ಜಿ.ಗಟ್ಟಲೆ ಬಂದು ಬೀಳುತ್ತದೆ. ಹಳೆಯ ಪೇಪರು ಹಾಸಿ ರಾಶಿ ಸುರಿದು ಎಲ್ಲರೂ ಸುತ್ತ ಕೂರುತ್ತಾರೆ. ಸುಲಿದ ಕಾಳನ್ನು ನೀರಲ್ಲಿ ನೆನೆಹಾಕಿ, ಮರುದಿನ ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿದುಕಬೇಕು. ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಗಂಟೆಗಟ್ಟಲೆ ಹಿಡಿಯುವ ಕೆಲಸ, ಮಕ್ಕಳಿಗೂ ಬರುವ ಕೆಲಸ, ಮಿಕ್ಸಿಗೆ ಬಾರದ ಕೆಲಸ. ಹಾಡಿಗೆ ಬೇಕಾದ ಎಲ್ಲವೂ ಅಲ್ಲಿದೆ.

ಅಂಥ ಹೊತ್ತಿನಲ್ಲಿ ಮನೆಯ ಹಿರಿಯರೊಬ್ಬರು ಪದ ಎತ್ತಿದರೆ ಏನಾಗುತ್ತದೆ ನೋಡಿ. ಮೊದಲೆರಡು ಪದ್ಯಕ್ಕೆ ಮಕ್ಕಳು ಬರೀ ಕೇಳುತ್ತಾರೆ. ಮೂರನೆಯದಕ್ಕೆ ಸೊಲ್ಲು ಹಿಡಿಯುತ್ತಾರೆ. ಬೇಳೆ ಪಾತ್ರೆಗೆ ಬೀಳುವ ಟಣ್ ಸದ್ದು ಸೊಲ್ಲಿನ ಕೊನೆಗೆ ಸರಿಯಾಗಿ ಬೀಳಬೇಕು ಎಂದು ಯಾವನೋ ಒಬ್ಬ ಆಟ ಕಟ್ಟುತ್ತಾನೆ. ಅಷ್ಟು ಹೊತ್ತಿಗೆ ತಾಳ ಎಂದರೇನು ಎಂದು ಅವರಿಗೆ ಗೊತ್ತಾಗಿರುತ್ತದೆ, ಯಾರೂ ಆ ಮಾತು ಎತ್ತಿರುವುದಿಲ್ಲ. ಉತ್ತರ ಕರ್ನಾಟಕದ ಮನೆಯಾದರೆ ಜೋಳದ ರೊಟ್ಟಿ ಬಡಿಯುವ ಸದ್ದೇ ಇದೆ. ಅವ್ವ ರೊಟ್ಟಿ ಬಡಿಯುವಾಗ ಮಗುವಿನ ಮುಂದೊಂದು ಹಿಟ್ಟಿನ ಉಂಡೆ ಇಟ್ಟು, ಆ ಲಯಕ್ಕೆ ಪದ ಹೇಳಿ ನೋಡಿ. ತಲೆ ಬಾಚಿ ಜಡೆ ಹಾಕುವುದು, ಎಣ್ಣೆ ಹಚ್ಚಿ ನೀರು ಹಾಕುವುದು, ಬಟ್ಟೆ ಮಡಚುವುದು, ಶಾಲೆಯ ವ್ಯಾನಿಗೆ ಕಾಯುವುದು – ದಿನದಲ್ಲಿ ಇಂಥ ಜಾಗಗಳು ಬೇಕಾದಷ್ಟಿವೆ. ಒಂದು ಜಾಗಕ್ಕೆ ಒಂದೇ ಹಾಡು ಇರಲಿ. ಜಡೆಯ ಹಾಡು ಜಡೆಗೇ, ಸ್ನಾನದ ಹಾಡು ಸ್ನಾನಕ್ಕೇ. ಕೆಲವು ವಾರಗಳಲ್ಲಿ ಮಗುವೇ ಬಾಚಣಿಗೆ ತಂದು ಕೊಟ್ಟು ಹಾಡು ಕೇಳುತ್ತದೆ.

ಬೆರಳಾಟಗಳನ್ನು ಮರೆಯುವುದು ಬೇಡ. ಕೂಸಿನ ಅಂಗೈಯಲ್ಲಿ ಊಟ ಕಲಸಿದಂತೆ ಮಾಡಿ, ಒಂದೊಂದು ಬೆರಳಿಗೂ ಒಬ್ಬೊಬ್ಬರ ಪಾಲು ಹಂಚಿ, ಕೊನೆಗೆ ಕಂಕುಳವರೆಗೆ ಬೆರಳು ಓಡಿಸಿ ಕಚಗುಳಿ ಇಡುವ ಆಟ ಬಹುತೇಕ ಎಲ್ಲ ಸೀಮೆಯಲ್ಲೂ ಒಂದಲ್ಲ ಒಂದು ಮಾತಿನಲ್ಲಿದೆ. ಮಕ್ಕಳೆಲ್ಲ ಅಂಗೈ ನೆಲಕ್ಕೆ ಊರಿ ಕೂತು, ಒಬ್ಬರು ಪ್ರತಿ ಪದಕ್ಕೂ ಒಂದೊಂದು ಕೈ ಮುಟ್ಟುತ್ತಾ ಹೋಗುವ ಅವಲಕ್ಕಿಯ ಹಾಡಂತೂ ಯಾರಿಗೆ ಗೊತ್ತಿಲ್ಲ? ಅರ್ಥ ಹುಡುಕಿದರೆ ಅದರಲ್ಲಿ ಸಿಗುವುದು ಕಡಿಮೆ. ಆದರೆ ಪದ ಒಡೆದು ಎಣಿಸುವುದು, ಸರದಿ ಕಾಯುವುದು, ಔಟಾದರೂ ಅಳದೆ ಕೂರುವುದು ಎಲ್ಲವನ್ನೂ ಆ ಹಾಡು ಮಾಡಿಸುತ್ತದೆ. ಇಂಗ್ಲಿಷ್ ರೈಮುಗಳ ಪಕ್ಕದಲ್ಲಿ ಇದಕ್ಕೂ ಮನೆಯಲ್ಲಿ ಜಾಗ ಕೊಡದಿದ್ದರೆ ನಷ್ಟ ನಮ್ಮ ಮಕ್ಕಳದು.

ಕೋಲು, ಪೀಪಿ, ನೀರಿನ ಲೋಟ

ಹಾಡಿನ ಜತೆ ವಾದ್ಯ ಬೇಕು ಎಂದಾಗ ಅಂಗಡಿಗೆ ಓಡಬೇಕಿಲ್ಲ. ಕೋಲಾಟದಿಂದ ಶುರು ಮಾಡಿ. ಅಪಾರ್ಟ್‌ಮೆಂಟಿನಲ್ಲಿ ಮರದ ಕೋಲು ಎಂದರೆ ಕೆಳಗಿನ ಮನೆಯವರಿಗೆ ತೊಂದರೆ, ಬೆರಳಿಗೆ ಪೆಟ್ಟು. ಹಳೆಯ ಪೇಪರನ್ನು ಬಿಗಿಯಾಗಿ ಸುತ್ತಿ ಅಂಟುಪಟ್ಟಿ ಹಚ್ಚಿದರೆ ಒಂದೂವರೆ ಗೇಣಿನ ಹಗುರ ಕೋಲು ಸಿದ್ಧ. ಅದಕ್ಕೆ ಬಣ್ಣದ ಕಾಗದ ಸುತ್ತುವ ಕೆಲಸವನ್ನು ಮಕ್ಕಳಿಗೇ ಬಿಡಿ. ಎದುರುಬದುರು ನಿಂತು ಮೊದಲು ತನ್ನ ಕೋಲಿಗೆ ತನ್ನದೇ ಕೋಲು, ಆಮೇಲೆ ಬಲಗೈ ಕೋಲು ಎದುರಿನವರ ಬಲಗೈ ಕೋಲಿಗೆ, ಮತ್ತೆ ತನ್ನದಕ್ಕೆ, ಮತ್ತೆ ಎಡಗೈ ಎಡಗೈಗೆ. ಈ ನಾಲ್ಕು ಪೆಟ್ಟು ತಪ್ಪದೆ ಬಂದ ಮೇಲೆ ಹಾಡು ಸೇರಿಸಿ. ನಿಧಾನ ಶುರುಮಾಡಿ, ಪದ್ಯ ಪದ್ಯಕ್ಕೂ ಒಂದಿಷ್ಟು ಚುರುಕಾಗುತ್ತಾ ಹೋಗುವುದು ಕೋಲಾಟದ ಸ್ವಭಾವ. ತಪ್ಪಿಹೋದಾಗ ಎಲ್ಲರೂ ನಗುತ್ತಾರೆ, ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ತಾಯಿ ತಂದೆ ಮಕ್ಕಳು ನಾಲ್ವರೇ ಇದ್ದರೂ ಕೋಲಾಟ ಆಗುತ್ತದೆ.

ಊರಿಗೆ ಹೋದಾಗ ಪೀಪಿ ಮಾಡಿಕೊಡಿ. ತೆಂಗಿನ ಗರಿಯ ಒಂದು ಎಲೆಯ ಕಡ್ಡಿ ಬಿಡಿಸಿ, ತುದಿಯಿಂದ ಓರೆಯಾಗಿ ಸುತ್ತುತ್ತಾ ಬಂದರೆ ಒಂದು ಕಡೆ ಕಿರಿದಾದ, ಇನ್ನೊಂದು ಕಡೆ ಅಗಲವಾದ ಕೊಳವೆ ಆಗುತ್ತದೆ. ಬಿಚ್ಚಿಕೊಳ್ಳದಂತೆ ಅದೇ ಕಡ್ಡಿಯ ಚೂರು ಚುಚ್ಚಬೇಕು. ಕಿರಿದಾದ ಬಾಯಿಗೆ ಎಲೆಯದೇ ಎರಡು ಪುಟ್ಟ ನಾಲಿಗೆ ಸಿಕ್ಕಿಸಿ ಊದಿದರೆ ಬಾತುಕೋಳಿ ಕೂಗಿದಂಥ ದನಿ ಬರುತ್ತದೆ. ನಾದಸ್ವರಕ್ಕೂ ಶಹನಾಯಿಗೂ ದನಿ ಬರುವುದು ಇದೇ ಉಪಾಯದಿಂದ – ಎರಡು ನಾಲಿಗೆಗಳ ನಡುವೆ ನಡುಗುವ ಗಾಳಿಯಿಂದ. ಪರಂಗಿ ಎಲೆಯ ಟೊಳ್ಳು ದಂಟಿಗೆ ಸಣ್ಣ ಸೀಳು ಕೊಟ್ಟರೂ ಪೀಪಿ ಆಗುತ್ತದೆ. ಅದರ ಹಾಲು ತುಟಿ ಉರಿಸುವುದರಿಂದ ಚೆನ್ನಾಗಿ ತೊಳೆದು ಕೊಡಬೇಕು. ಉದ್ದದ ದಂಟಿಗೆ ತಗ್ಗಿದ ದನಿ, ಗಿಡ್ಡ ದಂಟಿಗೆ ಏರಿದ ದನಿ ಎಂಬುದನ್ನು ಮಕ್ಕಳು ತಾವೇ ಕಂಡುಹಿಡಿಯುತ್ತಾರೆ.

ಮಳೆ ಬಂದು ಹೊರಗೆ ಹೋಗಲಾಗದ ದಿನ ಗಾಜಿನ ಲೋಟಗಳನ್ನು ಸಾಲಾಗಿ ಇಟ್ಟು ಬೇರೆ ಬೇರೆ ಮಟ್ಟಕ್ಕೆ ನೀರು ತುಂಬಿ. ಚಮಚದಿಂದ ಮೆಲ್ಲಗೆ ತಟ್ಟಿದರೆ ನೀರು ಹೆಚ್ಚಿದ್ದ ಲೋಟದ ದನಿ ತಗ್ಗು, ಕಡಿಮೆಯಿದ್ದದ್ದರ ದನಿ ಏರು. ಇದು ಜಲತರಂಗ. ನಾಲ್ಕೈದು ಸ್ವರ ಹೊಂದಿಸಿದರೆ ಸಾಕು, ಜೋಗುಳದ ಧಾಟಿಯನ್ನು ಅದರಲ್ಲಿ ನುಡಿಸಬಹುದು. ಹೆಚ್ಚಿನ ಜನಪದ ಧಾಟಿಗಳಿಗೆ ಅದಕ್ಕಿಂತ ಹೆಚ್ಚು ಸ್ವರ ಬೇಕಾಗುವುದಿಲ್ಲ. ಒಂದು ಹನಿ ಸೇರಿಸಿ, ಒಂದು ಹನಿ ಚೆಲ್ಲಿ ಸ್ವರ ಕೂಡಿಸುವ ಆ ಅರ್ಧ ಗಂಟೆಯಲ್ಲಿ ಮಗುವಿನ ಕಿವಿ ಸೂಕ್ಷ್ಮವಾಗುವುದನ್ನು ಕಣ್ಣಾರೆ ನೋಡಬಹುದು.

ಹುಲಿ ಯಾಕೆ ಸತ್ತಿತು?

ಸ್ವಲ್ಪ ದೊಡ್ಡ ಮಕ್ಕಳಿಗೆ ಕಥನ ಗೀತೆಗಳು ಬೇಕು. ‘ಗೋವಿನ ಹಾಡು’ ಎಲ್ಲರಿಗೂ ಗೊತ್ತು. ಶಾಲೆಯ ಪಠ್ಯದಲ್ಲಿ ಸಿಗುವುದು ಅದರ ಒಂದು ಭಾಗ. ಮನೆಯಲ್ಲಿ ಇಡೀ ಹಾಡನ್ನು ಹೇಳಿ. ಕೊಟ್ಟ ಮಾತಿಗೆ ತಪ್ಪದೆ ಮರಳಿ ಬರುವ ಪುಣ್ಯಕೋಟಿಗಿಂತ ಮಕ್ಕಳನ್ನು ಹೆಚ್ಚು ಕಾಡುವುದು ಅರ್ಬುತ ಎಂಬ ಆ ಹುಲಿ. ತಿನ್ನಬೇಕಾದದ್ದು ಎದುರಿಗೇ ಬಂದು ನಿಂತಾಗ ಅದು ಯಾಕೆ ಆಕಾಶಕ್ಕೆ ನೆಗೆದು ಪ್ರಾಣ ಬಿಟ್ಟಿತು? ಹಸಿದ ಹುಲಿ ಮಾಡಿದ್ದು ತಪ್ಪೇ? ಈ ಪ್ರಶ್ನೆ ಕೇಳದ ಮಗುವನ್ನು ನಾನು ಕಂಡಿಲ್ಲ. ನಮ್ಮಲ್ಲಿ ಸಿದ್ಧ ಉತ್ತರ ಇರಬೇಕಿಲ್ಲ. ಹಾಡು ಮುಗಿದ ಮೇಲೆ ಹತ್ತು ನಿಮಿಷ ಅದರ ಬಗ್ಗೆ ಮಾತಾಡುತ್ತಾ ಕೂರುವುದೇ ದೊಡ್ಡದು.

‘ಕೆರೆಗೆ ಹಾರ’ದ ವಿಷಯ ಬೇರೆ. ಕೆರೆಗೆ ನೀರು ಬರಲೆಂದು ಸೊಸೆ ಭಾಗೀರಥಿಯನ್ನು ಬಲಿ ಕೊಡುವ ಕಥೆ ಅದು. ಚಿಕ್ಕ ಮಕ್ಕಳಿಗೆ ಮಲಗುವ ಹೊತ್ತಿನಲ್ಲಿ ಹೇಳುವ ಹಾಡಲ್ಲ. ಹನ್ನೊಂದು ಹನ್ನೆರಡು ವರ್ಷ ದಾಟಿದವರಿಗೆ ಹೇಳಿ, ಮುಚ್ಚುಮರೆ ಮಾಡದೆ ಹೇಳಿ. ಗಂಡುಮಕ್ಕಳನ್ನಲ್ಲ, ಹೆಣ್ಣುಮಕ್ಕಳನ್ನಲ್ಲ, ಸೊಸೆಯನ್ನೇ ಯಾಕೆ ಬಲಿ ಕೊಟ್ಟರು ಎಂದು ಅವರು ಕೇಳುತ್ತಾರೆ, ಕೇಳಲೇಬೇಕು. ಜನಪದದಲ್ಲಿ ಇರುವುದೆಲ್ಲ ಒಪ್ಪಿಕೊಳ್ಳಬೇಕಾದದ್ದು ಎಂಬ ಭ್ರಮೆ ನಮಗೆ ಬೇಡ. ಜಾತಿಯನ್ನು ಹೀಗಳೆಯುವ, ಹೆಣ್ಣನ್ನು ಹಂಗಿಸುವ ಸಾಲುಗಳೂ ಅಲ್ಲಿವೆ. ಅವನ್ನು ಚಿಕ್ಕ ಮಕ್ಕಳ ಬಾಯಿಗೆ ಹಾಕದೆ ಬಿಡುವ ಅಧಿಕಾರ ಹಾಡುವವರಿಗೆ ಇದೆ. ನಮಗಿಂತ ಮುಂಚೆ ಹಾಡಿದವರೂ ಬೇಕಾದ್ದು ಸೇರಿಸಿ, ಬೇಡದ್ದು ಬಿಟ್ಟೇ ಹಾಡಿದ್ದಾರೆ.

ಎಲ್ಲ ಮನೆಯೂ ಕನ್ನಡದ ಮನೆಯಲ್ಲ ಎಂಬುದನ್ನೂ ನೆನಪಿಡಬೇಕು. ಅಮ್ಮ ಮಂಗಳೂರಿನವರಾದರೆ ನಾಟಿ ಗದ್ದೆಯಲ್ಲಿ ಹೆಂಗಸರು ಹಾಡುತ್ತಿದ್ದ ತುಳು ಪಾಡ್ದನ, ಓಬೇಲೆಗಳು ಮಗುವಿನ ಪಾಲಿನ ಆಸ್ತಿ. ಕೊಡವರ ಮನೆಗೆ ‘ಪಟ್ಟೋಲೆ ಪಳಮೆ’ ಇದೆ. ನಡಿಕೇರಿಯಂಡ ಚಿಣ್ಣಪ್ಪನವರು ಹಾಡುಗಳನ್ನು ಕೂಡಿಸಿ 1924ರಲ್ಲಿಯೇ ಅಚ್ಚು ಹಾಕಿಸಿದ ಪುಸ್ತಕ. ಲಂಬಾಣಿ, ಕೊಂಕಣಿ, ಬ್ಯಾರಿ, ಉರ್ದು, ತೆಲುಗು ಮನೆಗಳಲ್ಲೂ ತೊಟ್ಟಿಲಿನ ಹಾಡುಗಳಿವೆ. ಧಾರವಾಡದ ಅಪ್ಪ, ಉಡುಪಿಯ ಅಮ್ಮ ಇರುವ ಮನೆಯ ಮಗು ಎರಡು ಸೀಮೆಯ ಹಾಡು ಕಲಿತರೆ ಅದಕ್ಕೆ ಎರಡು ಊರೂ ತನ್ನದಾಗುತ್ತದೆ.

ಮಕ್ಕಳೇ ಹಾಡುಗಾರರಾಗಿದ್ದ ಹಬ್ಬಗಳು

ಒಂದು ಕಾಲದಲ್ಲಿ ಹಬ್ಬಗಳಲ್ಲಿ ಹಾಡುವ ಹೊಣೆಯನ್ನು ಊರು ಮಕ್ಕಳಿಗೇ ಒಪ್ಪಿಸಿತ್ತು. ಆಷಾಢದ ಮಂಗಳವಾರಗಳಲ್ಲಿ ಉತ್ತರ ಕರ್ನಾಟಕದ ಹುಡುಗಿಯರು ಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಿ ಮನೆಮನೆಗೆ ಹಾಡುತ್ತಾ ಹೋಗುತ್ತಾರೆ. ನವರಾತ್ರಿಯಲ್ಲಿ ಹಳೆಯ ಮೈಸೂರಿನ ಕಡೆ ಕೂಲಿಮಠದ ಅಯ್ಯನವರು ಹುಡುಗರನ್ನು ಕಟ್ಟಿಕೊಂಡು ಮನೆಗಳ ಮುಂದೆ ಚೌಪದ ಹಾಡಿಸುತ್ತಿದ್ದರು. ಅದೇ ನವರಾತ್ರಿಯಲ್ಲಿ ಉಡುಪಿ, ಕುಂದಾಪುರದ ಕಡೆ ಹೂವಿನಕೋಲು: ಭಾಗವತರು ಹಾಡುತ್ತಾರೆ, ಮದ್ದಳೆ ನುಡಿಯುತ್ತದೆ, ಎದುರುಬದುರು ಕೂತ ಹುಡುಗರು ಹೂ ಕಟ್ಟಿದ ಕೋಲು ಹಿಡಿದು ಯಕ್ಷಗಾನದ ಮಾತು ಹೇಳುತ್ತಾರೆ. ದೀಪಾವಳಿಗೆ ಮಲೆನಾಡಿನಲ್ಲಿ ಅಂಟಿಗೆ ಪಂಟಿಗೆಯವರು ಆರದ ದೀಪ ಹಿಡಿದು ರಾತ್ರಿಯಿಡೀ ಹಾಡುತ್ತಾ ಊರು ಸುತ್ತಿದರೆ, ಹಿಂದೆ ಹುಡುಗರ ಹಿಂಡು. ಹಾಡಿದ ಮಕ್ಕಳಿಗೆ ಪ್ರತಿ ಮನೆಯಲ್ಲೂ ದವಸವೋ ಬೆಲ್ಲವೋ ಕಾಸೋ ಸಿಗುತ್ತಿತ್ತು. ಅಂಕ ಇರಲಿಲ್ಲ, ಮೊದಲ ಬಹುಮಾನ ಇರಲಿಲ್ಲ, ಹಾಡಿದವರಿಗೆಲ್ಲ ಸಮಪಾಲು.

ಇದನ್ನು ಒಂದು ಬೀದಿಯಲ್ಲಿ, ಒಂದು ಅಪಾರ್ಟ್‌ಮೆಂಟಿನಲ್ಲಿ ಮತ್ತೆ ಶುರು ಮಾಡುವುದು ಕಷ್ಟವಲ್ಲ. ಐದಾರು ಮಕ್ಕಳು, ಒಂದು ದೀಪ, ಕಲಿತ ಎರಡು ಹಾಡು ಸಾಕು. ಬಾಗಿಲು ತೆರೆದವರ ಮನೆ ಮುಂದೆ ಹಾಡಲಿ. ಟಿವಿ ವಾಹಿನಿಗಳ ಪೈಪೋಟಿಯಲ್ಲಿ ಎಂಟು ವರ್ಷದ ಮಗು ತೀರ್ಪುಗಾರರ ಮುಂದೆ ನಡುಗುತ್ತಾ ನಿಂತು ಜನಪದ ಗೀತೆ ಹಾಡುವುದನ್ನು ನೋಡಿದಾಗಲೆಲ್ಲ ನನಗೆ ನೋವಾಗುತ್ತದೆ. ಕೂಡಿ ಹಾಡಲೆಂದು ಹುಟ್ಟಿದ್ದನ್ನು ಒಬ್ಬರನ್ನು ಸೋಲಿಸಲು ಬಳಸುವುದು ಆ ಹಾಡಿಗೂ ನ್ಯಾಯವಲ್ಲ, ಆ ಮಗುವಿಗೂ ಅಲ್ಲ.

ಹೊರದೇಶದಲ್ಲಿರುವ ಕನ್ನಡ ಕುಟುಂಬಗಳಿಗೆ ಅಜ್ಜಿ ಸಿಗುವುದು ವಿಡಿಯೊ ಕರೆಯಲ್ಲಿ. ಅಲ್ಲಿ ಎಲ್ಲರೂ ಒಟ್ಟಿಗೆ ಹಾಡಲು ಹೋದರೆ ದನಿ ಹಿಂದುಮುಂದಾಗಿ ಗೊಂದಲವಾಗುತ್ತದೆ, ಮಗು ಬೇಸತ್ತು ಎದ್ದು ಹೋಗುತ್ತದೆ. ಅಜ್ಜಿ ಒಂದು ಸಾಲು ಹೇಳಿ ನಿಲ್ಲಿಸಲಿ, ಇತ್ತ ಮಗು ಸೊಲ್ಲು ಹೇಳಲಿ, ಮತ್ತೆ ಅಜ್ಜಿ. ಸರದಿಯ ಹಾಡಿಗೆ ಅರ್ಧ ಸೆಕೆಂಡಿನ ತಡ ಅಡ್ಡಿಯಾಗುವುದಿಲ್ಲ.

ಕೇಳುವ ರೀತಿ

ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ತಾಯಿಯಿಂದ ಕಲಿತು ಜೀವಮಾನವಿಡೀ ಹಾಡಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಚಳ್ಳಕೆರೆ ಕಡೆಯ ಗೊಲ್ಲರಹಟ್ಟಿಯ ಸಿರಿಯಜ್ಜಿಯ ನೆನಪಿನಲ್ಲಿ ಸಾವಿರಾರು ಪದಗಳಿದ್ದವು. ಇಂಥವರ ಹೆಸರು ನಮಗೆ ಗೊತ್ತಾದದ್ದು ಯಾರೋ ಅವರ ಮುಂದೆ ಹೋಗಿ ಕೂತು ಕೇಳಿದ್ದರಿಂದ. ಹೆಸರಾಗದ ಹಾಡುಗಾರ್ತಿಯರು ನಮ್ಮ ನಮ್ಮ ಮನೆಗಳಲ್ಲೇ ಇದ್ದಾರೆ, ಕೇಳುವವರಿಲ್ಲದೆ ಸುಮ್ಮನಿದ್ದಾರೆ.

‘ಅಜ್ಜೀ, ಒಂದು ಜನಪದ ಗೀತೆ ಹೇಳಜ್ಜಿ’ ಎಂದು ಮೊಬೈಲು ಮುಂದೆ ಹಿಡಿದರೆ ಬರುವ ಉತ್ತರ, ‘ನನ್ಗೇನ್ ಬತ್ತದವ್ವ, ಎಲ್ಲ ಮರ್ತೋಗದೆ.’ ಅದು ಸುಳ್ಳಲ್ಲ. ಕೆಲಸವಿಲ್ಲದೆ ಹಾಡು ಅವರಿಗೆ ನೆನಪಾಗುವುದಿಲ್ಲ. ಕೈಗೆ ಸೊಪ್ಪು ಸೋಸಲು ಕೊಡಿ, ಹೂ ಕಟ್ಟಲು ಕೊಡಿ. ‘ನಿನ್ನ ಮದುವೇಲಿ ಅರಿಶಿನ ಹಚ್ಚುವಾಗ ಏನು ಹೇಳಿದ್ರಜ್ಜಿ?’, ‘ನಾಟಿ ಹಾಕುವಾಗ ಮೊದಲು ಯಾರು ಪದ ಎತ್ತೋರು?’ ಎಂದು ಕೇಳಿ. ಮೊದಲು ಆ ದಿನದ ಕಥೆ ಬರುತ್ತದೆ, ಅದರ ಹಿಂದೆ ಒಂದು ಸಾಲು, ಅದರ ಹಿಂದೆ 20 ಪದ್ಯ. ಮೊಮ್ಮಗಳು ಪಕ್ಕದಲ್ಲಿ ಕೂತು ಸೊಲ್ಲು ಹಿಡಿದರೆ ಇನ್ನೂ ಬರುತ್ತದೆ. ಮೊಬೈಲು ದೂರದಲ್ಲಿರಲಿ, ರೆಕಾರ್ಡು ಆಗುತ್ತಿರಲಿ. ಅಜ್ಜಿಗೆ ಹೇಳಿಯೇ ಮಾಡಿ. ಕೊನೆಯಲ್ಲಿ ಹಾಡಿದವರ ಹೆಸರು, ತವರೂರು, ಯಾರಿಂದ ಕಲಿತದ್ದು, ಯಾವ ಕೆಲಸಕ್ಕೆ ಹಾಡುತ್ತಿದ್ದದ್ದು, ತಾರೀಕು – ಇಷ್ಟನ್ನು ಅದೇ ರೆಕಾರ್ಡಿನಲ್ಲಿ ಬಾಯಲ್ಲೇ ಹೇಳಿಸಿ.

ಬಿಡುವಿದ್ದ ಒಂದು ದಿನ ಮಕ್ಕಳನ್ನು ರಾಮನಗರದ ಜಾನಪದ ಲೋಕಕ್ಕೆ ಕರೆದುಕೊಂಡು ಹೋಗಿ. ಹಳೆಯ ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದಲ್ಲೇ ಇದೆ. ಎಚ್.ಎಲ್. ನಾಗೇಗೌಡರು ನಿವೃತ್ತಿಯ ನಂತರ ಹಟ ಹಿಡಿದು ಕಟ್ಟಿದ ಸಂಸ್ಥೆ ಅದು. ಡೊಳ್ಳು, ಕಂಸಾಳೆ, ಚೌಡಿಕೆ, ಕಿನ್ನರಿಗಳನ್ನು ಮಕ್ಕಳು ಕಣ್ಣಾರೆ ನೋಡಬಹುದು. ಹಾಡಿನಲ್ಲಿ ಬರುವ ಒನಕೆ, ಒರಳು, ಬೀಸುಕಲ್ಲು, ಕೂರಿಗೆ ಎಂದರೇನು ಎಂದೂ ತಿಳಿಯಬಹುದು.

ಮನೆಯಲ್ಲಿ ಎಪ್ಪತ್ತು ದಾಟಿದವರು ಇದ್ದರೆ ಮಾತ್ರ ಬಿಡುವಿಗಾಗಿ ಕಾಯಬೇಡಿ. ಗಿರಣಿ ಬರುವ ಮುಂಚೆ ಬೀಸಿದ ಕೊನೆಯ ತಲೆಮಾರು ಅವರದು. ಇವತ್ತೇ ಮಗುವನ್ನು ಅವರ ಪಕ್ಕ ಕೂರಿಸಿ, ಇಬ್ಬರ ಕೈಗೂ ಏನಾದರೂ ಕೆಲಸ ಕೊಟ್ಟು, ಒಂದು ಪದ ಹೇಳಿಸಿ.